ಮನಿಲಾದಲ್ಲಿ ಅತ್ತದ್ದು

೧೯೮೬. ತಮಿಳುನಾಡು, ಕೊಯಮತ್ತೂರು ಹತ್ತಿರದ ಸೂಲೂರಿನ ಬಸ್ ಸ್ಟಾಪಿನಲ್ಲಿ ನನ್ನ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಮನಿಲಾದಲ್ಲಿ ಪಂಪು ಜೋಡಿಸುವ ಕೆಲಸ ಮುಗಿಸಿ ಬಂದ ತಮ್ಮ. ಸೀರೆಗೆ ಮಗ್ಗದ ನೂಲು ಅಂಟಿದ ಅಕ್ಕ.

“ಅವ್ವ ಸತ್ತಿದ್ದಕ್ಕೆ ನೀನು ಅಳಲೇ ಇಲ್ವಾ, ನಂಜುಂಡಾ?”

“ಅತ್ತಿದ್ದೀನಿ ಅಕ್ಕಾ. ತಂತಿ ಬಂದಾಗ ರೂಮಲ್ಲಿ ಬೇರೆಯವರಿದ್ರು, ಅಳಕ್ಕಾಗ್ಲಿಲ್ಲ. ರೋಡಿಗೆ ಬಂದೆ. ಅಲ್ಲಿ ಊರಿಗೆ ಊರೇ ಸರ್ಕಾರ ಇಳೀಬೇಕು ಅಂತ ಕೂಗ್ತಿತ್ತು. ನಡುವೆ ನಿಂತು ‘ಅವ್ವಾ’ ಅಂತ ಕೂಗ್ಬಿಟ್ಟೆ.”

“ಯಾರೂ ಏನೂ ಕೇಳ್ಲಿಲ್ವಾ?”

“ಅದೂ ಸರ್ಕಾರದ ವಿರುದ್ಧ ಕೂಗು ಅಂದ್ಕೊಂಡ್ರು. ಪಕ್ಕದವನು ನನ್ನ ಕೈ ಹಿಡಿದೆತ್ತಿ ‘ಅವ್ವಾ’ ಅಂದ. ಆಮೇಲೆ ಸುತ್ತ ಇದ್ದೋರೆಲ್ಲಾ ಅಂದ್ರು.”

“ಅಷ್ಟು ಜನಾನಾ? ಇಲ್ಲಿ ಹೆಣದ ಮುಂದೆ ಒಪ್ಪಾರಿ ಹಾಡಿ ಅಳಕ್ಕೆ ನಾನೊಬ್ಳೇ ಇದ್ದೆ, ತಮ್ಮಾ.”

ಅಕ್ಕ ಹೋಗಬೇಕಿದ್ದ ಸೋಮನೂರಿನ ಬಸ್ಸು ಬಂತು. ಅವಳೊಬ್ಬಳೇ ಹತ್ತಿದಳು.