ಹುಬ್ಬಳ್ಳಿಯೋ ಮೈಸೂರೋ

ದಾಂಡೇಲಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ತಂದೆ, ಮಗಳು ಕುಳಿತಿದ್ದರು. ಟಿಸಿ ತರಲು ಮಗಳು ಓದಿದ್ದ ಧಾರವಾಡದ ಕಾಲೇಜಿಗೆ ಹೊರಟವರು. ಮಗಳಿಗೆ ಹುಬ್ಬಳ್ಳಿ, ಮೈಸೂರು ಎರಡೂ ವಿಶ್ವವಿದ್ಯಾಲಯಗಳಲ್ಲಿ ಕಾನೂನು ಸೀಟು ಸಿಕ್ಕಿತ್ತು. ಯಾವುದೆಂದು ಅಂದೇ ಹೇಳಬೇಕಿತ್ತು.

“ಹುಬ್ಬಳ್ಳಿ ಹತ್ರ ಐತಿ, ಸ್ವಪ್ನಾ. ಪರಿಸರ ಕಾನೂನು ಅಲ್ಲೂ ಕಲಿಸ್ತಾರ.”

“ಹತ್ರ ಐತಿ ಅಂತನ ಬ್ಯಾಡಪ್ಪಾ. ಅಲ್ಲಿ ಸೇರಿದ್ರ ನಮ್ಮ ಕಾಳಿ ಹೊಳಿ ಮ್ಯಾಲೆನ ಕೆಲಸ ಮಾಡಬೇಕಾಗ್ತೈತಿ.”

“ಮಾಡು. ಯಾರು ಬ್ಯಾಡ ಅಂದ್ರು?”

“ನಮ್ಮ ಹೋಮ್‌ಸ್ಟೇದ ಸಂಡಾಸದ ಪೈಪು ಹೊಳಿಗೆ ಬಿಟ್ಟೀರಿ. ಮೊದಲನೇ ಕೇಸು ನಿಮ್ಮ ಮ್ಯಾಲೆ ಹಾಕ್ಲೇನು?”

ಅವರು ಸುತ್ತ ನೋಡಿ ದನಿ ತಗ್ಗಿಸಿದರು.

“ಗುಂಡಿ ತುಂಬಿತ್ತವ್ವಾ. ಕೆಳಗ ಬರೇ ಅಡವಿ, ಮಂದಿ ಯಾರದಾರ?”

“ಹೊಳಿ ದಂಡಿಗೆ ನಮ್ಮ ಹೊಳೆವ್ವ ಅತ್ತಿ ಮನಿ ಐತಲ್ಲ.”

“ಆಕಿ ಮನ್ಯಾಗ ನಳ ಐತಿ.”

“ನಳ ಕೆಟ್ಟು ಮೂರು ತಿಂಗಳಾತು. ಹೊಳಿ ನೀರನ ತರ್ತಾಳ. ಮೊನ್ನೆ ಕಾಮಣಿ ಆಗಿ, ಕಣ್ಣೆಲ್ಲ ಹಳದಿಯಾಗಿ ದವಾಖಾನಿ ಸೇರಿದ್ಲಲ್ಲ, ಯಾಕಂತ ತಿಳದಿದ್ರಿ?”

ಅವರು ಮಗಳ ಕಡೆಗೆ ತಿರುಗಿದರು.

“ನನ್ನ ತಂಗಿ ಆ ನೀರು ಕುಡಿತಾಳ?”

ಮಗಳು ತಲೆಯಾಡಿಸಿದಳು.

“ನಮ್ಮ ಹೊಳೆವ್ವ?” ಎಂದು ಮತ್ತೆ ಕೇಳಿದರು.

ಧಾರವಾಡದ ಬಸ್ಸು ಬಂತು. ಮಗಳು ಎದ್ದಳು, ಅವರು ಏಳಲಿಲ್ಲ.

“ಬರ್ರಿ, ಅಪ್ಪಾ.”

“ನೀ ಒಬ್ಬಾಕಿನ ಹೋಗಿ ಬಾ. ನಾ ನಮ್ಮೂರು ಗಣೇಶಗುಡಿಗೆ ವಾಪಸ್ ಹೊಕ್ಕೇನಿ. ಆ ಪೈಪು ಇವತ್ತ ಕೀಳಬೇಕು.”

“ಮತ್ತ ನನ್ನ ಸೀಟು?”

“ಹುಬ್ಬಳ್ಳಿಗೇ ಸೇರು. ಹತ್ರ ಇದ್ದು ನೋಡಾವ್ರು ಒಬ್ರು ಬೇಕು.”

ಮಗಳು ಬಸ್ಸು ಹತ್ತಿದಳು. ಅವರು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಗಣೇಶಗುಡಿ ಬಸ್ಸಿನ ಕಡೆಗೆ ಓಡಿದರು.