ಅಣ್ಣ ತುಂಬಿಕೊಟ್ಟ ತಂಪು

ಊರವರೆಲ್ಲ ಸ್ಟವ್ ಅಕ್ಕ ಎಂದೇ ಕರೆಯುವ ನಾನು, ವಯಸ್ಸು 41 ವರ್ಷ, ಉದ್ಯೋಗ ಗ್ಯಾಸ್ ಸ್ಟವ್ ರಿಪೇರಿ, ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಔಷಧಿ ಅಂಗಡಿಯ ಮೇಲಿನ ಮನೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನಗೆ ಒಂಬತ್ತು ವರ್ಷದ ಮಗಳಿದ್ದಾಳೆ. ಹುಟ್ಟಿನಿಂದ ಅವಳ ಮೈ ಬೆವರುವುದಿಲ್ಲ. ಬೆವರದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಈಗ ಬರೆದುಕೊಳ್ಳುತ್ತಿರುವ ಸಾಹೇಬರೂ ಕೇಳಿದರು, ಎಲ್ಲರೂ ಕೇಳುತ್ತಾರೆ. ಒಳ್ಳೆಯದಲ್ಲ. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇದ್ದರೂ ಒಳಗಿನ ಕಾವು ಹೊರಗೆ ಹೋಗದೆ ಅವಳಿಗೆ ಫಿಟ್ಸ್ ಬರುತ್ತದೆ. ಈ ತಿಂಗಳಿಗೆ ಮೊದಲೇ ಎರಡು ಸಲ ಬಂದಿತ್ತು. ನಮ್ಮದು ಹದಿನೇಳು ವರ್ಷದ ಹಳೆಯ ಕಾರು. ಬಾಗಿಲು ತುಕ್ಕು ಹಿಡಿದಿದೆ, ಹಿಂದಿನ ಗಾಜು ಇಳಿಯುವುದಿಲ್ಲ, ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಂಡವಳಲ್ಲ. ಎಸಿ ಒಂದು ನಡೆಯಬೇಕು. ಅದು ನಮಗೆ ಶೋಕಿಯಲ್ಲ, ಮಗಳಿಗೆ ಔಷಧಿ ಇದ್ದ ಹಾಗೆ.

ನನ್ನ ಒಡಹುಟ್ಟಿದ ಅಣ್ಣ, ವಯಸ್ಸು 46 ವರ್ಷ, ಕಾರುಗಳ ಎಸಿ ಮೆಕ್ಯಾನಿಕ್. ಅವನ ಶೆಡ್ ನಮ್ಮ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿದೆ. ಮಗಳಿಗೆ ಮೊದಲ ಸಲ ಫಿಟ್ಸ್ ಬಂದಾಗ ಅವಳನ್ನು ಎತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದವನು ಅವನೇ. ಇದು ಬೇಕೇ ಎಂದು ಸಾಹೇಬರು ಕೇಳಿದರು. ಬೇಕು, ಬರೆದುಕೊಳ್ಳಿ ಎಂದೆನು. ಅವಳ ಕಾಯಿಲೆ ಏನೆಂದು ಗೊತ್ತಿಲ್ಲದವನಲ್ಲ ಅವನು.

ಏಪ್ರಿಲ್ 18ರಂದು ಎಸಿಯಿಂದ ಬಿಸಿ ಗಾಳಿ ಬರತೊಡಗಿತು. ಕಾರನ್ನು ಅಣ್ಣನ ಶೆಡ್ಡಿಗೆ ತೆಗೆದುಕೊಂಡು ಹೋದೆನು. ಅವನು ಪರೀಕ್ಷಿಸಿ, ಗ್ಯಾಸ್ ಪೂರ್ತಿ ಸೋರಿಹೋಗಿದೆ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್ ತೂತಾಗಿದೆ, ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಿ ಕಾಯಿಲ್ ಬದಲಿಸದೆ ಗ್ಯಾಸ್ ತುಂಬಿದರೆ ಒಂದು ತಿಂಗಳೂ ನಿಲ್ಲುವುದಿಲ್ಲ ಎಂದು ತಿಳಿಸಿದನು. ಮೂರು ದಿನ ಬೇಕು ಎಂದನು. ಪೈಪು ಬೆಸೆಯಲು ಅಡುಗೆ ಗ್ಯಾಸಿನ ಒಂದು ಸಣ್ಣ ಸಿಲಿಂಡರ್ ಕೊಡು ಎಂದು ಕೇಳಿದನು. ನನ್ನ ಅಂಗಡಿಯಿಂದಲೇ ಒಂದನ್ನು ತಂದು, ಹೊಸ ವಾಷರ್ ಹಾಕಿ, ಸೋಪಿನ ನೀರು ಬಿಟ್ಟು ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಟ್ಟೆನು. ಹುಷಾರು ಮಾರಾಯ ಎಂದು ಹೇಳಿಯೂ ಬಂದೆನು.

ಏಪ್ರಿಲ್ 21ರ ಸಂಜೆ ಕಾರು ವಾಪಸ್ಸಾಯಿತು. ಎಸಿಯ ಕಿಂಡಿಗೆ ಅಣ್ಣನೇ ಥರ್ಮಾಮೀಟರ್ ಚುಚ್ಚಿ ತೋರಿಸಿದನು. ನಾಲ್ಕು ಡಿಗ್ರಿ. ಈ ಕಾರು ಹೊಸದಾಗಿದ್ದಾಗಲೂ ಹತ್ತಕ್ಕಿಂತ ಕೆಳಗೆ ಇಳಿದದ್ದಿಲ್ಲ. ಮಗಳು ಕಿಂಡಿಗೆ ಮುಖ ಒಡ್ಡಿ ಕುಳಿತಳು. ನಿನ್ನ ಕೈಗುಣ ದೊಡ್ಡದು ಎಂದು ಅಣ್ಣನನ್ನು ಬಾಯಿ ತುಂಬ ಹೊಗಳಿದೆನು. ಕೂಲಿ ಬೇಡ ಎಂದವನ ಜೇಬಿಗೆ ನಾನೇ ತುರುಕಿದೆನು.

ಮೇ 2ರಂದು ಮಗಳನ್ನು ಚಿತ್ರಕಲೆ ಕ್ಲಾಸಿಗೆ ಕರೆದೊಯ್ಯುವಾಗ ಅವಳು “ಅಮ್ಮಾ, ಕಾರೆಲ್ಲಾ ನಿನ್ನ ವಾಸನೆ” ಎಂದಳು. ನನ್ನ ವಾಸನೆ ಎಂದರೆ ಗ್ಯಾಸಿನ ವಾಸನೆ. ಸ್ಟವ್ ರಿಪೇರಿ ಮಾಡುವವರ ಕೂದಲಿಗೂ ಬಟ್ಟೆಗೂ ಅದು ಹತ್ತಿರುತ್ತದೆ. ಮಗಳ ಶಾಲೆಯ ಸಭೆಯಲ್ಲಿ ಪಕ್ಕದ ಕುರ್ಚಿಯವರು ಎದ್ದು ಬೇರೆ ಕಡೆ ಕೂತದ್ದುಂಟು. ಹಾಗಾಗಿ ಮಗಳ ಮಾತಿಗೆ ನನಗೆ ನಾಚಿಕೆಯಾಯಿತೇ ಹೊರತು ಸಂಶಯ ಬರಲಿಲ್ಲ. ಕಾರಿಗೆಂದೇ ಬೇರೆ ಬಟ್ಟೆ ಇಟ್ಟುಕೊಂಡೆನು. ನಿಂಬೆಹಣ್ಣು ಹಚ್ಚಿ ಕೈ ತಿಕ್ಕಿದೆನು. ಅಂಗಡಿಯ ಚೀಲವನ್ನು ಕಾರಿನಿಂದ ತೆಗೆದೆನು. ವಾಸನೆ ಹೋಗಲಿಲ್ಲ. ಬೇರೆಯವರ ಮನೆಯಲ್ಲಿ ಎಲ್ಲಿ ಸೋರುತ್ತಿದೆ ಎಂದು ಹೊಸಿಲಲ್ಲೇ ಹೇಳುವ ನಾನು, ನನ್ನ ಕಾರಿನಲ್ಲಿ ಮಾತ್ರ ನನ್ನ ಮೈಯನ್ನೇ ದೂರುತ್ತಾ ಕೂತೆನು.

ಮೇ 6ರಂದು ಅಣ್ಣನಿಗೆ ಫೋನ್ ಮಾಡಿ, ಕಾರಿನಲ್ಲಿ ಗ್ಯಾಸ್ ವಾಸನೆ ಬರುತ್ತಿದೆ, ನೀನು ಮಾಡಿದ ಕೆಲಸದ್ದೇನಾದರೂ ಇರಬಹುದೇ ಎಂದು ಕೇಳಿದೆನು. ಅವನು ನಕ್ಕನು. “ನಿನ್ನ ಮೈಯಲ್ಲೇ ಗ್ಯಾಸಿದೆ ಕಣೇ. ಮೊದ್ಲು ಬಟ್ಟೆ ಸರಿಯಾಗಿ ಒಗ್ಕೋ” ಎಂದನು. ನಾನೂ ನಕ್ಕೆನು. ಅಣ್ಣನ ಮಾತು, ಕಣ್ಣು ಮುಚ್ಚಿ ನಂಬಿದೆನು.

ಮೇ 13ರಂದು ಮಗಳನ್ನು ವೈದ್ಯರಿಗೆ ತೋರಿಸಬೇಕಿತ್ತು. ಬೆನ್ನುನೋವಿನ ಕಾರಣ ನಾನು ನಾಲ್ಕು ದಿನದಿಂದ ಅಂಗಡಿ ತೆರೆದಿರಲಿಲ್ಲ, ಒಂದು ಸ್ಟವ್ ಮುಟ್ಟಿರಲಿಲ್ಲ. ಆ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಒಗೆದ ಬಟ್ಟೆ ಉಟ್ಟಿದ್ದೆನು. 11.40ಕ್ಕೆ ಮನೆಯಿಂದ ಹೊರಟೆವು. ಎಸಿ ಜೋರಾಗಿ ಹಾಕಿದ್ದೆ, ಗಾಜುಗಳೆಲ್ಲ ಮುಚ್ಚಿದ್ದವು. ಸುಮಾರು ನಾಲ್ಕು ಕಿಲೋಮೀಟರ್ ಹೋದ ಮೇಲೆ ಮಗಳು ತಲೆ ಸುತ್ತುತ್ತದೆ ಎಂದಳು. ವಾಸನೆ ಹಿಂದೆಂದಿಗಿಂತ ಗಾಢವಾಗಿತ್ತು. ನನ್ನ ತೋಳನ್ನು ಮೂಗಿಗೆ ಹಿಡಿದು ನೋಡಿದೆನು. ಸೋಪಿನ ವಾಸನೆ ಬಿಟ್ಟರೆ ಬೇರೇನಿರಲಿಲ್ಲ. ಸಿಗರೇಟ್ ಹಚ್ಚುವ ಗುಂಡಿಯ ಜಾಗದಲ್ಲಿ ನನ್ನ ಮೊಬೈಲ್ ಚಾರ್ಜಿಗೆ ನೇತಾಡುತ್ತಿತ್ತು. ಅಲ್ಲೊಂದು ಕಿಡಿ ಸಾಕಿತ್ತು.

ಸ್ವಿಚ್ ಮುಟ್ಟಬೇಡಿ, ಬಾಗಿಲು ತೆರೆಯಿರಿ ಎಂದು ದಿನಾ ಮನೆ ಮನೆಯಲ್ಲಿ ಹೇಳುವವಳು ನಾನು. ಕೀಲಿ ತಿರುಗಿಸಿದರೂ ಕಿಡಿ ಹಾರಬಹುದೆಂದು ಅದನ್ನು ಮುಟ್ಟಲಿಲ್ಲ. ಎಂಜಿನ್ ಓಡುತ್ತಿರುವಂತೆಯೇ ಕಾರನ್ನು ಬದಿಗೆ ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು, ಮಗಳನ್ನು ಹೊರಗೆ ಎಳೆದುಕೊಂಡೆನು. ಹೊರಗೆ ನೆತ್ತಿ ಸುಡುವ ಬಿಸಿಲು. ರಸ್ತೆಯ ಎರಡೂ ಬದಿ ಗೋಡೌನುಗಳ ಮುಚ್ಚಿದ ಶಟರುಗಳು, ಒಂದು ಮರವಿಲ್ಲ. ಒಳಗೆ ಗ್ಯಾಸು, ಹೊರಗೆ ಬಿಸಿಲು, ಎರಡೂ ನನ್ನ ಮಗಳಿಗೆ ಆಗದು. ಎಲ್ಲಿ ನಿಲ್ಲಿಸಲಿ ಅವಳನ್ನು? ಬೆನ್ನುನೋವು ಮರೆತು ಎತ್ತಿಕೊಂಡು ಓಡಿದೆನು. ಸುಮಾರು ಇನ್ನೂರು ಮೀಟರ್ ದೂರದಲ್ಲಿ ಸೈಕಲ್ ರಿಪೇರಿ ಅಂಗಡಿ ಸಿಕ್ಕಿತು. ಅಷ್ಟರಲ್ಲಿ ಅವಳ ಮುಖ ಕೆಂಪೇರಿ ಕಣ್ಣು ಮೇಲೆ ಹೋಗಿತ್ತು. ಪಂಕ್ಚರ್ ನೋಡಲು ಟ್ಯೂಬ್ ಅದ್ದುವ ಬಾನಿಯಲ್ಲಿದ್ದ ಕಪ್ಪು ನೀರನ್ನೇ ಸೈಕಲ್ ಅಂಗಡಿಯವರು ಎತ್ತಿ ಅವಳ ಮೇಲೆ ಸುರಿದರು. ಆ ಪುಣ್ಯಾತ್ಮರೇ ಆಟೋ ಹಿಡಿದು ನಮ್ಮ ಜೊತೆ ಆಸ್ಪತ್ರೆಗೂ ಬಂದರು. ಮಗಳಿಗೆ ಮೂರನೆಯ ಸಲ ಫಿಟ್ಸ್ ಬಂತು. ನಾಲ್ಕು ಗಂಟೆಯ ಹೊತ್ತಿಗೆ ಅವಳು ನನ್ನ ಗುರುತು ಹಿಡಿದಳು.

ಅವಳ ಪಕ್ಕದಲ್ಲಿ ನರ್ಸನ್ನು ಕೂರಿಸಿ, ಸೋರಿಕೆ ಪತ್ತೆ ಮಾಡುವ ನನ್ನ ಮೀಟರ್ ತೆಗೆದುಕೊಂಡು ಸದರಿ ಕಾರಿನ ಬಳಿ ಹೋದೆನು. ಯಾರೋ ಎಂಜಿನ್ ನಿಲ್ಲಿಸಿ ಬಾಗಿಲು ಹಾಕಿದ್ದರು. ಎಸಿಯ ಕಿಂಡಿಗೆ ಮೀಟರ್ ಹಿಡಿದ ಕೂಡಲೇ ಅದು ಬಾಯಿ ಬಡಿದುಕೊಳ್ಳತೊಡಗಿತು. ಕಾರಿನ ಎಸಿಗೆ ತುಂಬುವ ಗ್ಯಾಸು ಬೇರೆ, ಅದಕ್ಕೆ ಈ ವಾಸನೆ ಇಲ್ಲ, ಬೆಂಕಿಗೆ ಇದರಂತೆ ಭಗ್ಗನೆ ಹತ್ತುವುದೂ ಇಲ್ಲ. ಇದು ಒಲೆಯ ಗ್ಯಾಸು, ಎಸಿಗೆ ತುಂಬಿದರೆ ಇದೂ ತಂಪು ಕೊಡುತ್ತದೆ. ಡ್ಯಾಶ್‌ಬೋರ್ಡಿನ ಸಂದಿಗೆ ಅಡ್ಡವಾಗಿ ಮಗಳು ಹೋದ ವರ್ಷ ಅಂಟಿಸಿದ್ದ ಸ್ಟಿಕ್ಕರ್ ಒಂದಿತ್ತು. ಅದನ್ನು ಹರಿಯದೆ ಡ್ಯಾಶ್‌ಬೋರ್ಡ್ ಬಿಚ್ಚಲು ಸಾಧ್ಯವಿಲ್ಲ. ಸ್ಟಿಕ್ಕರ್ ಒಂದು ಚೂರೂ ಹರಿದಿರಲಿಲ್ಲ.

ಸಂಜೆ 6 ಗಂಟೆಗೆ ಶೆಡ್ಡಿಗೆ ಹೋದಾಗ ನಾನು ಕೊಟ್ಟ ಸಿಲಿಂಡರ್ ಒಂದು ಬಿಳಿ ಕಾರಿನ ಬಾನೆಟ್ಟಿನ ಮೇಲೆ ತಲೆಕೆಳಗಾಗಿ ನೇತಾಡುತ್ತಿತ್ತು. ಅದರ ಪೈಪು ಆ ಕಾರಿನ ಎಸಿಗೆ ಜೋಡಿಸಿತ್ತು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ, ಆದರೂ ಕೇಳಿದೆನು. ಅಣ್ಣ ಮೊದಲು ಅಲ್ಲವೆಂದನು. ನಂತರ, ಬೇಸಿಗೆಯಲ್ಲಿ ಸರಿಯಾದ ಗ್ಯಾಸ್ ಸಿಗುತ್ತಿರಲಿಲ್ಲ, ಡ್ಯಾಶ್‌ಬೋರ್ಡ್ ಬಿಚ್ಚಿದರೆ ಹಳೆಯ ಪ್ಲಾಸ್ಟಿಕ್ ಮುರಿಯುತ್ತಿತ್ತು, ನೀನು ಬೇಗ ಬೇಗ ಎಂದು ಪ್ರಾಣ ತಿಂದೆ, ಬಹಳ ಜನ ಹೀಗೇ ಮಾಡುತ್ತಾರೆ ಎಂದನು. ಕಡೆಗೆ ನನ್ನ ಮೇಲೆಯೇ ರೇಗಿ, “ತಣ್ಣಗಾಯ್ತೋ ಇಲ್ವೋ? ಅದಕ್ಕೆ ತಾನೇ ನೀನು ಬಂದಿದ್ದು?” ಎಂದನು. ಫೋನ್ ಮಾಡಿದ ದಿನ ವಾಸನೆ ಯಾವುದೆಂದು ನಿನಗೆ ಗೊತ್ತಿತ್ತೇ ಎಂದು ಕೇಳಿದೆನು. ಗೊತ್ತಿತ್ತು ಎಂದನು. ಗೊತ್ತಿದ್ದೂ ನನ್ನ ಮೈಯ ಮೇಲೆ ಹಾಕಿದನು. ನನಗೆ ಎಲ್ಲಿ ನಾಚಿಕೆ ಇದೆಯೆಂದು ಒಡಹುಟ್ಟಿದವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಇನ್ನೂ ಯಾರ ಯಾರ ಕಾರಿಗೆ ಇದನ್ನು ತುಂಬಿದ್ದೀಯ ಎಂದು ಕೇಳಿದ್ದಕ್ಕೆ, ಅದೆಲ್ಲ ನಿನಗೆ ಬೇಡ ಎಂದು ಬಿಳಿ ಕಾರಿನ ಕಡೆ ತಿರುಗಿದನು.

ಅಣ್ಣನ ಮನೆಯಲ್ಲೇ ಇರುವ ನಮ್ಮ ತಾಯಿ ಆ ರಾತ್ರಿ ಫೋನಿನಲ್ಲಿ ಅತ್ತು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಠಾಣೆಯ ತನಕ ಹೋಗಬೇಡ ಎಂದು ಬೇಡಿಕೊಂಡರು. ಹೋಗುವುದಿಲ್ಲ ಎಂದು ಮಾತು ಕೊಟ್ಟೆನು. ಅವನಿಗೆ ಬುದ್ಧಿ ಕಡಿಮೆಯಾಯಿತು, ಅಪಾಯ ಎಷ್ಟೆಂದು ತಿಳಿಯಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆನು.

ಇಂದು ಬೆಳಿಗ್ಗೆ 10 ಗಂಟೆಗೆ ಅತ್ತಿಗೆ ಮಗಳನ್ನು ನೋಡಲು ಆಸ್ಪತ್ರೆಗೆ ಬಂದರು. ನನ್ನ ಕೈ ಹಿಡಿದು ಹೇಳಿದರು: “ಹೋದ ತಿಂಗಳೇ ಅವ್ರು ನಮ್ಮ ಮಕ್ಕಳಿಗೆ ಅತ್ತೆ ಕಾರು ಹತ್ತಬೇಡಿ ಅಂತ ಕಟ್ಟಪ್ಪಣೆ ಮಾಡಿದ್ರು. ಯಾಕೆ ಅಂತ ನಾನೂ ಕೇಳ್ಲಿಲ್ಲ.”

ಆದ್ದರಿಂದ ತಾಯಿಗೆ ಕೊಟ್ಟ ಮಾತು ಮುರಿದು ಬಂದಿರುತ್ತೇನೆ. ಅವನು ಒಲೆಯ ಗ್ಯಾಸ್ ತುಂಬಿರುವ ಕಾರುಗಳು ಯಾವುವೆಂದು ಇಂದೇ ಅವನಿಂದ ಹೇಳಿಸಿ, ಆ ಮನೆಗಳಿಗೆ ಎಚ್ಚರಿಕೆ ಕೊಡಬೇಕೆಂದು ಕೋರುತ್ತೇನೆ. ಅವುಗಳಲ್ಲೂ ಮಕ್ಕಳು ಕೂರುತ್ತಾರೆ.

ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡಿದ್ದಾರೆ, ಓದಿಯೂ ಹೇಳಿದ್ದಾರೆ, ಇದರಲ್ಲಿ ಸುಳ್ಳಿಲ್ಲ. ಓದಿ ಮುಗಿಸಿದ ಮೇಲೆ ಸಾಹೇಬರು, ಅಣ್ಣ ಎಂದು ಇರುವ ಕಡೆಯೆಲ್ಲ ಆರೋಪಿ ಎಂದು ತಿದ್ದಲೇ ಎಂದು ಕೇಳಿದರು. ಬೇಡ, ಅಣ್ಣ ಎಂದೇ ಇರಲಿ, ಮಾಡಿದವನು ಯಾರೆಂದು ಓದಿದವರಿಗೆ ತಿಳಿಯಲಿ ಎಂದು ಹೇಳಿ ಸಹಿ ಮಾಡಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಮೇ 14, ಮಧ್ಯಾಹ್ನ 12.30
ಹೇಳಿಕೆ ನೀಡಿದವರ ಸಹಿ