ಬಾನೆಟ್ಟಿಗೆ ಬೀಗ ಹಾಕಿದ ಸಾವುಕಾರ

ನಿಲ್ಲಿ, ನಿಲ್ಲಿ. ಈಗ ನಾನು ತೋರಿಕೆ ಬಿಡಿ ಎಂದೆ, ನೀವೆಲ್ಲ ತಲೆಯಾಡಿಸಿದಿರಿ. ನಿನ್ನೆಯೂ ಆಡಿಸಿದಿರಿ. ಹೋದ ವರ್ಷ ಇದೇ ಚಪ್ಪರದ ಕೆಳಗೆ, ಇದೇ ಮಾತಿಗೆ, ಇದೇ ತಲೆಗಳು ಆಡಿದ್ದವು. ಆಡಿಸಿ ಆಡಿಸಿ ಕುತ್ತಿಗೆ ನೋಯುತ್ತದೆಯೇ ಹೊರತು ಮನೆಗೆ ಹೋದ ಮೇಲೆ ಏನೂ ಬದಲಾಗುವುದಿಲ್ಲ. ಅದಕ್ಕೇ ಉಪದೇಶ ಪಕ್ಕಕ್ಕಿಡುತ್ತೇನೆ. ಒಂದು ಕಥೆ ಕೇಳಿ.

ಒಂದು ಪಟ್ಟಣದಲ್ಲಿ ಒಬ್ಬ ಸಾವುಕಾರನಿದ್ದ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ‘ಸದ್ಯ, ನಾನಲ್ಲ’ ಎಂದು ಕಾಲು ಚಾಚಿ ಕೂತುಬಿಡುತ್ತೀರಿ. ಪೇಟೆಯಲ್ಲಿ ಅರಿವೆ ಅಂಗಡಿ ಇತ್ತು, ಮಹಡಿ ಮನೆ ಇತ್ತು, ನೇರ ಮಾತಿನ ಹೆಂಡತಿ ಇದ್ದಳು. ಯಾವುದಕ್ಕೂ ಕೊರತೆಯಿಲ್ಲ. ಕೊರತೆಯಿಲ್ಲದವನಿಗೆ ಹುಚ್ಚು ಬೇಗ ಹಿಡಿಯುತ್ತದೆ, ನೋಡಿ. ಇವನಿಗೆ ಹಾಟ್ ರಾಡ್ ಹುಚ್ಚು ಹಿಡಿಯಿತು.

ಹಾಗಂದರೇನು ಎಂದು ಹಿಂದಿನ ಸಾಲಿನ ಅಜ್ಜಂದಿರು ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ತುಂಬಾ ಹಳೆಯ ಕಾಲದ ಒಂದು ಕಾರಿನ ಮೈ ತರುತ್ತಾರೆ. ಮಡ್‌ಗಾರ್ಡ್ ಕಿತ್ತೆಸೆಯುತ್ತಾರೆ, ಮೂಗು ತಗ್ಗಿಸುತ್ತಾರೆ, ಹಿಂದೆ ದಪ್ಪ ಗಾಲಿ ಹಾಕುತ್ತಾರೆ, ಕೆಂಡದ ಬಣ್ಣ ಬಳಿಯುತ್ತಾರೆ, ಒಳಗೆ ಬೇರೆ ಎಂಜಿನ್ ಕೂರಿಸುತ್ತಾರೆ. ಆಮೇಲೆ ಅದನ್ನು ಗುಡುಗಿಸುತ್ತ ಊರೆಲ್ಲ ತಿರುಗುತ್ತಾರೆ. ಅಷ್ಟೇ. ಪಾಪವೂ ಅಲ್ಲ, ಪುಣ್ಯವೂ ಅಲ್ಲ.

ಎಂಜಿನ್ ಇಲ್ಲದ ಆ ಕಾರಿನ ಮೈ ಬಂದು ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ಕುಳಿತಿತು. ಸಾವುಕಾರನ ಹೆಂಡತಿ ಸಂಡಿಗೆ ಒಣಗಿಸುತ್ತಿದ್ದ ಜಾಗ ಅದು. ಆಕೆ ಬೈದಳು, ಸಂಡಿಗೆಯನ್ನು ಮಹಡಿಗೆ ಸಾಗಿಸಿದಳು, ಮತ್ತೆ ಬೈದಳು. ಗ್ಯಾರೇಜಿನ ಮಿಸ್ತ್ರಿ ಬಂದ. ಬಾಯಿ ಜೋರಿನ ಮನುಷ್ಯ. ಕಾರಿನ ಸುತ್ತ ತಿರುಗಿ, ಬಗ್ಗಿ ನೋಡಿ ಹೇಳಿದ: “ಸಾವ್ಕಾರ್ರ, ಇದು ಹಳೇ ಚಕ್ಕಡಿ. ಜೀಪಿಂದು ನಾಕು ಸಿಲಿಂಡರಿನ ಎಂಜಿನ್ ಹಾಕ್ರಿ, ಹಗುರ ಇರತೈತಿ, ಚೆಂದಗೆ ಓಡತೈತಿ. ಎಂಟು ಸಿಲಿಂಡರಿಂದು ಹಾಕಿದ್ರ ಎಂಟೆತ್ತು ಕಟ್ಟಿದಂಗ. ಎತ್ತು ಓಡತಾವ ಖರೆ, ಚಕ್ಕಡಿ ನಿಲ್ಲಸಾವ್ರು ಯಾರು?”

ಸಾವುಕಾರನ ಮುಖ ಸಣ್ಣದಾಯಿತು. ಹಾಟ್ ರಾಡ್ ಅಂದರೆ ಎಂಟು ಸಿಲಿಂಡರ್ ಎಂದು ಅವನು ಎಲ್ಲೋ ನೋಡಿದ್ದ, ಯಾರೋ ಹೇಳಿದ್ದರು. ನಾಲ್ಕು ಸಿಲಿಂಡರ್ ಹಾಕಿದರೆ ಜನ ಏನೆಂದಾರು?

“ಜನ ಒಳಗ ಕೂಡ್ರತಾರೇನ್ರಿ? ಕೂಡ್ರಾವ್ರು ನಾವಿಬ್ಬರು. ನಾಕ ಹಾಕಸ್ರಿ” ಎಂದಳು ಹೆಂಡತಿ.

ನಾಲ್ಕೇ ಹಾಕಿಸಿದ. ಅದೊಂದು ಬುದ್ಧಿಯ ಕೆಲಸ ಮಾಡಿದ, ಅದಕ್ಕೆ ಅವನನ್ನು ಮೆಚ್ಚಬೇಕು. ಮೊದಲ ದಿನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಲುವೆಯ ದಂಡೆಗುಂಟ ಹೊರಟ. ಕಾರಿಗೆ ಮೇಲ್ಛಾವಣಿಯಿಲ್ಲ. ಗಾಳಿಗೆ ಸೆರಗು ಹಾರಿತು, ಕಟ್ಟಿದ ತುರುಬು ಬಿಚ್ಚಿಹೋಯಿತು. ತಿಂಗಳುಗಟ್ಟಲೆ ಆ ಕಾರನ್ನು ಶಪಿಸಿದ ಹೆಂಗಸು ಬಾಯಿತುಂಬ ನಕ್ಕಳು. ಹಳ್ಳದ ಸೇತುವೆಯ ಬಳಿ ಗಾಡಿ ನಿಲ್ಲಿಸಿ ಇಬ್ಬರೂ ಮಿರ್ಚಿ ಭಜಿ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಈ ಮನುಷ್ಯನಿಗೆ ಇನ್ನೇನು ಬೇಕಿತ್ತು ಹೇಳಿ? ಹೇಳಿ, ಇನ್ನೇನು ಬೇಕಿತ್ತು?

ಮರಳಿ ಬರುವಾಗ ಚಹಾದ ಅಂಗಡಿಯ ಮುಂದೆ ಜನ ಮುತ್ತಿದರು. ಪಕ್ಕದ ಓಣಿಯ ಬೇಕರಿಯವನೂ ಅಲ್ಲಿದ್ದ. ಮೂವತ್ತರ ಆಸುಪಾಸಿನ ಹುಡುಗ, ಸಾವುಕಾರನೆಂದರೆ ಅಣ್ಣನಷ್ಟು ಅಭಿಮಾನ. ಅವನ ತಂದೆಯೂ ಇಂಥದ್ದೇ ಒಂದು ಹಳೆಯ ಕಾರು ಬಿಟ್ಟುಹೋಗಿದ್ದರು, ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಅವನು ಆಸೆಗಣ್ಣಿನಿಂದ ಕೇಳಿದ: “ಅಣ್ಣಾರ, ಎಂಜಿನ್ ಎಷ್ಟ್ ಸಿಲಿಂಡರ್?”

ಸಾವುಕಾರನ ಬಾಯಿಂದ ಬಂತು: “ಎಂಟು.”

ಒಂದೇ ಮಾತು. ಯಾರೂ ಅವನ ಕುತ್ತಿಗೆಗೆ ಚಾಕು ಹಿಡಿದಿರಲಿಲ್ಲ. ನಾಲ್ಕು ಎಂದಿದ್ದರೆ ಆಕಾಶ ಕಳಚಿ ಬೀಳುತ್ತಿರಲಿಲ್ಲ. ಆದರೂ ಎಂಟು ಎಂದ. ಹೆಂಡತಿ ತಿರುಗಿ ನೋಡಿದಳು. ಅವನು ಮುಂದೆ ನೋಡುತ್ತಿದ್ದ.

ಹೇಳಿದ ಮೇಲೆ ಸುಮ್ಮನಿರಲಾದೀತೆ? ಮರುದಿನವೇ ಬಾನೆಟ್ಟಿಗೆ ಬೀಗ ಬಿತ್ತು. ಎಂಟರ ಸದ್ದು ಬರಲೆಂದು ಸೈಲೆನ್ಸರ್ ಕೊಯ್ಯಿಸಿದ. ಪಕ್ಕದ ಮನೆಯ ಕೂಸು ಬೆಚ್ಚಿ ಅಳತೊಡಗಿತು. ಎಂಜಿನ್‌ಗೆ ಸಂಬಂಧವೇ ಇಲ್ಲದ ಹೊಳೆಯುವ ಕೊಳವೆಗಳನ್ನು ಎರಡೂ ಪಕ್ಕಕ್ಕೆ ಸುಮ್ಮನೆ ಅಂಟಿಸಿದ. ಹೆಂಡತಿಗೆ ಹೇಳಿದ: “ಯಾರರ ಕೇಳಿದ್ರ ಎಂಟು ಅನ್ನು.”

“ನಾ ಯಾಕ ಅನ್ಲಿ? ನನ್ನ ಬಾಯಿ ನಿಮ್ಮ ಬಾನೆಟ್ಟ ಅಲ್ಲ, ಕೀಲಿ ಹಾಕಾಕ” ಎಂದಳು.

ಆದರೂ ಓಣಿಯ ಹೆಂಗಸರು ಕೇಳಿಯೇ ಕೇಳಿದರು: “ಏನವಾ, ನಿಮ್ಮಲ್ಲೆ ಎಂಟು ಸಿಲಿಂಡರ್ ಅಂತಲ್ಲ?” ಆಕೆ ನಗುತ್ತ ಅಂದಳು: “ನಮ್ಮ ಅಡಗಿಮನ್ಯಾಗ ಎರಡ ಅದಾವ ನೋಡ್ರಿ. ಒಂದು ಒಲಿಗೆ ಹಚ್ಚೇತಿ, ಇನ್ನೊಂದು ತುಂಬೇತಿ.” ಎಲ್ಲರೂ ನಕ್ಕರು, ಮಾತು ಹಾರಿಹೋಯಿತು. ಸುಳ್ಳೂ ಹೇಳಲಿಲ್ಲ, ಗಂಡನ ಮರ್ಯಾದೆಯೂ ಉಳಿಯಿತು ಎಂದು ಆಕೆಗೆ ತನ್ನ ಜಾಣತನದ ಬಗ್ಗೆ ಒಳಗೊಳಗೇ ಹಿಗ್ಗು. ನೀವೂ ಈಗ ನಕ್ಕಿರಿ. ನಗಿ, ನಗಿ.

ಗಂಡ ಆಕೆಯನ್ನು ಕಾರಿನಲ್ಲಿ ಕರೆದೊಯ್ಯುವುದನ್ನೇ ಬಿಟ್ಟ. ಎಲ್ಲಿ ಬಾಯಿತಪ್ಪಿ ನಿಜ ಆಡಿಬಿಡುವಳೋ ಎಂಬ ಭಯ. ಭಜಿ ತಿಂದು ನಕ್ಕ ಆ ಸಂಜೆ ಮತ್ತೆ ಬರಲೇ ಇಲ್ಲ.

ಆಮೇಲೊಂದು ದಿನ ಬೇಕರಿಯವನು ಖಾರಾ ಬಿಸ್ಕಿಟ್ಟಿನ ಪೊಟ್ಟಣ ಹಿಡಿದು ಮನೆಗೇ ಬಂದ. ಮುಖ ಅರಳಿತ್ತು. ಅಣ್ಣನ ಹೆಂಡತಿ ಅತ್ತಿಗೆ ತಾನೇ, ಆಕೆಗೇ ಮೊದಲು ಹೇಳಿದ: “ವೈನಿ, ನಮ್ಮಪ್ಪನ ಕಾರು ತಯಾರ್ ಮಾಡಸಾಕತ್ತೀನಿ. ಮುಂಬೈದಾಗ ಎಂಟು ಸಿಲಿಂಡರಿನ ಎಂಜಿನ್ ಸಿಕ್ಕೇತಿ. ಮಿಸ್ತ್ರಿ ಬ್ಯಾಡ ಬ್ಯಾಡ ಅಂತಾನ. ಅಣ್ಣಾರದು ಅಷ್ಟ ಹಳೇ ಕಾರು, ಎಂಟು ಹೊತ್ಕೊಂಡು ದಿನಾ ಓಡಾಕತ್ತೈತಿ, ನಿನಗೇನ್ ಗೊತ್ತೈತಿ ಅಂತ ಅವನ ಬಾಯಿ ಮುಚ್ಚಸೀನಿ.”

ಸಾವುಕಾರ ಚಹಾದ ಬಟ್ಟಲನ್ನೇ ನೋಡುತ್ತ ಕೂತ. ತಮ್ಮ ಕಾರಿಗೆ ನಾಲ್ಕು ಕೂರಿಸಿದವನೂ ಅದೇ ಮಿಸ್ತ್ರಿ, ಅವನೇಕೆ ಹುಡುಗನಿಗೆ ನಿಜ ಹೇಳಲಿಲ್ಲ ಎಂದು ಹೆಂಡತಿಗೆ ಬಗೆಹರಿಯಲಿಲ್ಲ. ಹೇಳಬೇಡ ಎಂದು ಗಂಡ ಅವನ ಬಾಯಿಯನ್ನೂ ಕಟ್ಟಿಹಾಕಿದ್ದ ಎಂಬುದು ಆಮೇಲೆ ತಿಳಿಯಿತು.

ಹುಡುಗ ಹೋದ ಕೂಡಲೇ ಆಕೆ ಹೇಳಿದಳು: “ಎದ್ದ ಹೋಗಿ ಹೇಳ್ರಿ ಅವಗ.”

“ನಾಳೆ ಹೇಳ್ತೀನಿ.”

“ಇವತ್ತ ಹೇಳ್ರಿ.”

“ನಾಲ್ಕು ಮಂದಿ ಮುಂದ ಹೆಂಗ ಹೇಳಲಿ? ಒಬ್ಬನ ಸಿಕ್ಕಾಗ ಹೇಳ್ತೀನಿ.”

ನಾಳೆ ಬಂತು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇನ್ನೊಂದು ನಾಳೆ ಬಂತು, ಹಬ್ಬದ ವ್ಯಾಪಾರ. ಆಕೆ ದಿನಾ ಕೇಳಿದಳು, ಅವನು ದಿನಾ ನಾಳೆ ಎಂದ. ಕೇಳಿ ಕೇಳಿ ಆಕೆಗೂ ಸಾಕಾಯಿತು. ಸ್ವಾಮಿ, ಈ ನಾಳೆ ಎಂಬುದು ಎಂಥ ಜಾತಿಯ ದಿನವೋ ನನಗೆ ತಿಳಿಯದು. ಸುಳ್ಳು ಹೇಳಲು ಇವನಿಗೆ ಒಂದು ಕ್ಷಣ ಸಾಕಾಯಿತು. ನಿಜ ಹೇಳಲು ಮಾತ್ರ ಮುಹೂರ್ತವೇ ಸಿಗಲಿಲ್ಲ!

ಬೇಕರಿಯವನ ಕಾರು ಸಿದ್ಧವಾಯಿತು. ಪೂಜೆ ಮಾಡಿಸಿ, ನಿಂಬೆಹಣ್ಣು ಗಾಲಿಗಿಟ್ಟು, ಊರಾಚೆಯ ದಿಬ್ಬದ ರಸ್ತೆಗೆ ಒಬ್ಬನೇ ಹೊರಟ. ಏರು ಹತ್ತುವಾಗ ಸೊಗಸಾಗಿಯೇ ಹತ್ತಿತಂತೆ. ಇಳಿಜಾರಿನಲ್ಲಿ ಆ ಭಾರದ ಎಂಜಿನ್ ಮುಂದಕ್ಕೆ ಜಗ್ಗಿತು. ಹಳೆಯ ಬ್ರೇಕು ಹಿಡಿಯಲಿಲ್ಲ. ಕೆಳಗಿನ ತಿರುವಿನಲ್ಲಿ ಕಾರು ಕಲ್ಲಿನ ಕಟ್ಟೆಗೆ ಹೋಗಿ ಬಡಿಯಿತು. ಜೀವ ಉಳಿಯಿತು. ಬಲಗಾಲು ಮೊಣಕಾಲ ಕೆಳಗೆ ನುಚ್ಚಾಯಿತು.

ಗಂಡ ಹೆಂಡತಿ ಆಸ್ಪತ್ರೆಗೆ ಹೋದರು. ಹುಡುಗನ ಕಾಲು ತೂಗುಹಾಕಿದ್ದರು. ಅವನು ಸಾವುಕಾರನ ಕೈ ಹಿಡಿದುಕೊಂಡು ಕೇಳಿದ: “ಅಣ್ಣಾರ, ನಿಮ್ಮದು ಹೆಂಗ ನಿಲ್ಲತೈತಿ? ನಾ ಎಲ್ಲಿ ತಪ್ಪಿದೆ ಹೇಳ್ರಿ. ನನಗ ಓಡಸಾಕ ಬರಲಿಲ್ಲೇನು?”

ಕೇಳಿದಿರಾ? ಕಾಲು ಮುರಿದುಕೊಂಡವನು ತನ್ನ ತಪ್ಪು ಹುಡುಕುತ್ತಿದ್ದಾನೆ!

ಈಗಲಾದರೂ ಹೇಳುತ್ತಾನೆ ಎಂದು ಹೆಂಡತಿ ಗಂಡನ ಮುಖ ನೋಡಿದಳು. ಸಾವುಕಾರ ಅಂದ: “ಅದು... ಬ್ರೇಕ್ ಸ್ವಲ್ಪ ಚಲೋದು ಹಾಕಸಬೇಕಿತ್ತಪಾ.”

ಆಗ ಆಕೆಗೆ ತಡೆಯಲಾಗಲಿಲ್ಲ. “ತಮ್ಮಾ, ನಮ್ಮದು ನಾಕು. ಎಂಟಲ್ಲ. ಮೊದಲಿಂದನೂ ನಾಕು.”

ಹುಡುಗ ಒಮ್ಮೆ ನಕ್ಕ. ಚೇಷ್ಟೆ ಎಂದುಕೊಂಡ. ಆಮೇಲೆ ಸಾವುಕಾರನ ಬಗ್ಗಿದ ತಲೆ ನೋಡಿದ. ಹಿಡಿದಿದ್ದ ಕೈ ಬಿಟ್ಟ. “ನಾಕ? ಮೊದಲ ಹೇಳಿದ್ರ ನಾನೂ ನಾಕ ಹಾಕಸತಿದ್ದೆನಲ್ಲ ವೈನಿ” ಎಂದು ಗೋಡೆಯ ಕಡೆ ಮುಖ ತಿರುಗಿಸಿದ.

ಹೊರಗೆ ಬಂದ ಮೇಲೆ ಸಾವುಕಾರ ಸಿಡುಕಿದ: “ಎಲ್ಲಾರ ಮುಂದ ನನ್ನ ಮರ್ಯಾದಿ ಕಳದಿ.”

“ನಿಮ್ಮ ಮರ್ಯಾದಿ ಆ ಹುಡುಗನ ಕಾಲಾಗ ಇತ್ತೇನ್ರಿ?” ಎಂದಳು ಆಕೆ. ಹಾಗೆಂದವಳೇ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಅತ್ತಳು. ಗಂಡನ ಮೇಲಿನ ಸಿಟ್ಟಿಗಷ್ಟೇ ಅಲ್ಲ. ಆ ಹುಡುಗ ಬಿಸ್ಕಿಟ್ಟು ಕೊಟ್ಟ ದಿನ ಆಕೆಗೂ ಬಾಯಿತ್ತು. ಬೇಕರಿಗೆ ಹಾಲು-ಬ್ರೆಡ್ಡಿಗೆಂದು ಎಷ್ಟು ಸಲ ಹೋಗಿದ್ದಳು, ಅವನೊಬ್ಬನೇ ಇದ್ದ. ಅದು ಗಂಡ ಹೇಳಬೇಕಾದ ಮಾತು ಎಂದು ಸುಮ್ಮನೆ ಮರಳಿದ್ದಳು. ಸುಳ್ಳು ಹೇಳಲಿಲ್ಲ ನಿಜ. ಸುಳ್ಳಿಗೆ ಕಾವಲು ಕೂತಿದ್ದಳು.

ಕೆಲವು ದಿನಗಳ ಮೇಲೆ ಸಾವುಕಾರ ಚಹಾದ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಬೀಗ ತೆಗೆದು, ಬಾನೆಟ್ ಎತ್ತಿದ. ಜನ ಇಣುಕಿದರು. ಯಾರೋ ಇಬ್ಬರು ನಕ್ಕರು. ಅಷ್ಟರಲ್ಲಿ ಚಹಾ ಬಂತು, ಮಾತು ಮಳೆಯ ಕಡೆಗೆ ಹೊರಳಿತು. ಮುಗಿಯಿತು! ಅವನು ಇಷ್ಟು ದಿನ ಹೆದರಿದ್ದು ಇಷ್ಟೇ ನಗುವಿಗೆ. ಬೇಕರಿಯವನ ಕಾಲು ಕೂಡಿತು, ಮೊದಲಿನ ನಡಿಗೆ ಕೂಡಲಿಲ್ಲ.

ಈಗ ಅವನನ್ನು ಬೈಯುತ್ತಿದ್ದೀರಿ ಅಲ್ಲವೇ? ಛೇ, ಎಂಥ ಮನುಷ್ಯ ಎಂದು ಪಕ್ಕದವರ ಕಿವಿಯಲ್ಲಿ ಅನ್ನುತ್ತಿದ್ದೀರಿ. ನೋಡಿ, ನಾನು ಕಾರಿನ ಮಾತಾಡಲು ಈ ಗದ್ದುಗೆಯ ಮೇಲೆ ಕೂತಿಲ್ಲ. ನಿಮ್ಮ ಮಗ ಟ್ಯೂಷನ್ನಿಗೆ ಹೋಗಿ ಪಾಸಾಗುತ್ತಾನೆ. ನೀವು ಓಣಿಯಲ್ಲಿ ಏನೆನ್ನುತ್ತೀರಿ? ‘ತಾನೇ ಓದಿಕೊಂಡ, ಯಾರೂ ಹೇಳಿಕೊಡಲಿಲ್ಲ.’ ಅದನ್ನು ಕೇಳಿದ ಪಕ್ಕದ ಮನೆಯವನು ತನ್ನ ಮಗನಿಗೆ ಬಾರಿಸುತ್ತಾನೆ. ಆ ಹುಡುಗನ ಬೆನ್ನ ಮೇಲಿನ ಬಾಸುಂಡೆ ಯಾರದು? ‘ನಮ್ಮ ಮನೆಯಲ್ಲಿ ಅತ್ತೆ ಸೊಸೆ ಒಂದು ದಿನವೂ ಏರುದನಿಯಲ್ಲಿ ಮಾತಾಡಿಲ್ಲ’ ಎನ್ನುತ್ತೀರಿ. ಕೇಳಿದ ಹೊಸ ಮದುಮಗಳು ತಾನೇ ಕೆಟ್ಟವಳೆಂದು ಒಳಗೊಳಗೇ ಬೇಯುತ್ತಾಳೆ. ಸುಳ್ಳು ನಿಮ್ಮದು, ಅಳತೆ ಅವರದು. ನಿಮ್ಮನ್ನು ನೋಡಿ ಜನ ತಮ್ಮ ಬದುಕನ್ನು ಅಳೆದುಕೊಳ್ಳುತ್ತಾರೆ, ಇದು ತಿಳಿಯದೇ ನಿಮಗೆ?

ಇನ್ನು ಸುಮ್ಮನಿರುವ ಜಾಣರೇ, ನಾನೇನೂ ಸುಳ್ಳು ಹೇಳಿಲ್ಲ ಎನ್ನುವವರೇ, ಆ ಹೆಂಗಸು ಮೆಟ್ಟಿಲ ಮೇಲೆ ಅತ್ತದ್ದು ನಿಮಗಾಗಿ.

ತಲೆಯಾಡಿಸಬೇಡಿ! ತಲೆಯಾಡಿಸಿದ್ದು ಸಾಕು. ಈ ಚಪ್ಪರದಲ್ಲೇ ಇದ್ದೀರಿ, ಸಕ್ಕರೆ ಕಾಯಿಲೆಗೆ ಗುಟ್ಟಾಗಿ ಮಾತ್ರೆ ನುಂಗಿ, ‘ಹಾಗಲಕಾಯಿ ರಸ ಕುಡಿದೇ ಇಳಿಯಿತು’ ಎಂದು ಕಟ್ಟೆಯ ಮೇಲೆ ಹೇಳಿಕೊಂಡವರು. ಅದನ್ನು ನಂಬಿ ಮಾತ್ರೆ ಬಿಟ್ಟವರು ಇದೇ ಊರಿನ ಮನೆಗಳಲ್ಲಿದ್ದಾರೆ. ಪ್ರಸಾದ ಆಮೇಲೆ. ಮೊದಲು ಎದ್ದು ಮನೆಗೆ ಹೋಗಿ, ಮಾತ್ರೆಯ ಚೀಟಿ ಕೈಯಲ್ಲಿ ಹಿಡಿದು, ಅವರ ಮನೆಯ ಬಾಗಿಲು ತಟ್ಟಿ. ನಾಳೆ ಅಲ್ಲ. ಎಲೆ ಹಾಸುವುದರೊಳಗೆ ಹೋಗಿ ಬನ್ನಿ, ನಿಮ್ಮ ಎಲೆ ನಾನು ಕಾಯುತ್ತೇನೆ.